ವಿಷದ ಬೂಷ್ಟಿಗೆ ನಿರ್ವಿಷ ಬೂಷ್ಟಿನ ತಡೆ: ಶೇಂಗಾ ಮತ್ತು ಮೆಕ್ಕೆಜೋಳದ ರಕ್ಷಣೆಯಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ರಸ್ತೆ, ಚರಂಡಿ, ಬೀದಿ ದೀಪ ಇವು ನಮ್ಮ ಪಂಚಾಯಿತಿ ಸಭೆಗಳಲ್ಲಿ ಸದಾ ಚರ್ಚೆಗೆ ಬರುವ ಸಂಗತಿಗಳು. ಇಂದು ನಾನು ಪ್ರಸ್ತಾಪಿಸಲಿರುವ ಸಂಗತಿ ಬೆಳೆಗೆ ಹಿಡಿಯುವ ಬೂಷ್ಟು. ಇದು ಕೃಷಿ ಇಲಾಖೆಯ ಕೆಲಸವಲ್ಲವೇ, ರೈತನು ತನ್ನ ಹೊಲದಲ್ಲಿ ತಾನೇ ನೋಡಿಕೊಳ್ಳಬೇಕಾದ ಕೆಲಸವಲ್ಲವೇ ಎಂಬ ಪ್ರಶ್ನೆ ಕೆಲವರ ಮನಸ್ಸಿನಲ್ಲಿ ಏಳಬಹುದು. ಆ ಪ್ರಶ್ನೆಗೆ ಉತ್ತರ ಹೇಳುವುದೇ ಈ ಉಪನ್ಯಾಸದ ಉದ್ದೇಶ. ಬೂಷ್ಟಿನ ಬೀಜಕಣಗಳು ಹೊಲದ ಬದುವನ್ನು ಲೆಕ್ಕಿಸುವುದಿಲ್ಲ. ಗಾಳಿ ಬೀಸಿದತ್ತ ಅವು ಹಾರುತ್ತವೆ. ಆದ್ದರಿಂದ ಇಲ್ಲಿ ಒಬ್ಬ ರೈತನ ಶ್ರಮಕ್ಕೆ ದೊರೆಯುವ ಫಲ ಅಲ್ಪ. ನೆರೆಹೊರೆಯವರು ಕೂಡಿ ಒಂದೇ ಕಾಲಕ್ಕೆ ಮಾಡಿದ ಕೆಲಸಕ್ಕೆ ದೊರೆಯುವ ಫಲ ಅಧಿಕ. ಜನರನ್ನು ಹಾಗೆ ಕೂಡಿಸುವ ಶಕ್ತಿ ಗ್ರಾಮಮಟ್ಟದಲ್ಲಿ ತಮಗೆ ಇದೆ.

ವಿಷದ ಸ್ವರೂಪ

ಶೇಂಗಾ, ಮೆಕ್ಕೆಜೋಳ, ಹತ್ತಿಬೀಜ, ಮೆಣಸಿನಕಾಯಿ ಮುಂತಾದವುಗಳ ಮೇಲೆ ಹಳದಿ ಬೆರೆತ ಹಸಿರು ಬಣ್ಣದ ಬೂಷ್ಟು ಕಾಣಿಸುವುದುಂಟು. ಇದರ ಶಾಸ್ತ್ರೀಯ ಹೆಸರು ಆಸ್ಪರ್ಜಿಲ್ಲಸ್ ಫ್ಲೇವಸ್. ಇದು ಎಲ್ಲಿಂದಲೋ ಬಂದ ಹೊಸ ರೋಗವಲ್ಲ. ನಮ್ಮ ಮಣ್ಣಿನಲ್ಲಿಯೂ ಬೆಳೆಯ ಕೂಳೆಯಲ್ಲಿಯೂ ಇದು ಮೊದಲಿನಿಂದ ವಾಸವಾಗಿದೆ. ಕಟಾವಿಗೆ ಮೂರು ನಾಲ್ಕು ವಾರಗಳು ಉಳಿದಿರುವಾಗ ಮಳೆ ಕೈಕೊಟ್ಟು, ನೆಲ ಕಾದು, ಗಿಡ ಬಾಡಿದಾಗ ಇದು ಕಾಯಿಯ ಒಳಗೆ ಪ್ರವೇಶಿಸುತ್ತದೆ. ಹುಳು ಕೊರೆದ ಕಾಯಿಗಳೂ, ಸಲಿಕೆ ಕುಂಟೆಗಳಿಂದ ಗಾಯಗೊಂಡ ಕಾಯಿಗಳೂ ಇದಕ್ಕೆ ಸುಲಭದ ದಾರಿ. ಚಿತ್ರದುರ್ಗ, ತುಮಕೂರು, ಬಳ್ಳಾರಿ ಸೀಮೆಯ ಮಳೆಯಾಶ್ರಿತ ಶೇಂಗಾ ಬೆಳೆಗಾರರಿಗೆ ಇಂತಹ ಕೊನೆಗಾಲದ ಬರ ಅಪರಿಚಿತವಲ್ಲ. ಕಿತ್ತ ಮೇಲೆ ಮಳೆಗೆ ಸಿಕ್ಕಿದರೆ, ಹಸಿಯಾಗಿಯೇ ಚೀಲಕ್ಕೆ ತುಂಬಿದರೆ, ಅಪಾಯ ಇಮ್ಮಡಿಯಾಗುತ್ತದೆ.

ಈ ಬೂಷ್ಟು ಉತ್ಪಾದಿಸುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಅವುಗಳಿಗೆ ತಿನ್ನಿಸಿದ್ದ, ಬ್ರೆಜಿಲ್ ದೇಶದಿಂದ ಬಂದಿದ್ದ ಶೇಂಗಾ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. ಇದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಬೇಯಿಸಿದರೂ ಹುರಿದರೂ ಇದು ಪೂರ್ತಿಯಾಗಿ ನಾಶವಾಗುವುದಿಲ್ಲ. ಬೂಷ್ಟನ್ನು ಒರೆಸಿ ತೆಗೆದ ಕಾಳಿನ ಒಳಗೂ ವಿಷ ಉಳಿದಿರಬಹುದು. ಇದು ಯಕೃತ್ತಿಗೆ, ಅಂದರೆ ಲಿವರಿಗೆ, ತಗಲುವ ವಿಷ. ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ದೃಢಪಟ್ಟಿರುವ ವಸ್ತುಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಇದನ್ನು ಸೇರಿಸಿದೆ. ಹೆಪಟೈಟಿಸ್ ಬಿ ಸೋಂಕು ಇರುವವರಿಗೆ ಅಪಾಯ ಇನ್ನೂ ಅಧಿಕ. ಬೂಷ್ಟು ಹಿಡಿದ ಹಿಂಡಿಯನ್ನು ತಿಂದ ಹಸುವಿನ ಹಾಲಿನಲ್ಲಿ ಇದೇ ವಿಷದ ಇನ್ನೊಂದು ರೂಪ ಇಳಿದು ಬರುತ್ತದೆ. ಹೊಲದ ದೋಷ ಹೀಗೆ ಮಗುವಿನ ಹಾಲಿನ ಲೋಟದವರೆಗೆ ಸಾಗುತ್ತದೆ.

1974ರಲ್ಲಿ ನಮ್ಮ ದೇಶದಲ್ಲಿಯೇ ನಡೆದ ಘಟನೆಯೊಂದನ್ನು ತಾವು ತಿಳಿದಿರಬೇಕು. ರಾಜಸ್ಥಾನದ ಬಾನ್ಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಮೆಕ್ಕೆಜೋಳದ ಕಟಾವಿನ ಕಾಲಕ್ಕೆ ಅಕಾಲಿಕ ಮಳೆ ಸುರಿಯಿತು. ನೆನೆದ ತೆನೆಗಳಿಗೆ ಬೂಷ್ಟು ಹಿಡಿಯಿತು. ಬೇರೆ ಧಾನ್ಯವಿಲ್ಲದ ಬಡ ಬುಡಕಟ್ಟು ಕುಟುಂಬಗಳು ಅದನ್ನೇ ವಾರಗಟ್ಟಲೆ ಉಂಡವು. ಕಾಮಾಲೆ ಬಂದು, ಹೊಟ್ಟೆಯಲ್ಲಿ ನೀರು ತುಂಬಿ ಜನ ಮಲಗಿದರು. ಅದೇ ಮನೆಗಳ ಅನ್ನ ತಿಂದ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿದ 397 ರೋಗಿಗಳಲ್ಲಿ 106 ಮಂದಿ ಮೃತಪಟ್ಟಿದ್ದರು. ಮೂವತ್ತು ವರ್ಷಗಳ ಅನಂತರ, 2004ರಲ್ಲಿ, ಕೀನ್ಯಾ ದೇಶದ ಪೂರ್ವ ಭಾಗದಲ್ಲಿ ಮೆಕ್ಕೆಜೋಳ ಉಂಡ 317 ಮಂದಿ ಇದೇ ರೀತಿ ಅಸ್ವಸ್ಥರಾಗಿ 125 ಮಂದಿ ಪ್ರಾಣ ಕಳೆದುಕೊಂಡರು. ಎರಡೂ ಕಡೆ ಕೆಟ್ಟ ಕಾಳು ಸೇರಿದ್ದು ಕೊಂಡು ತಿನ್ನಲು ಹಣವಿಲ್ಲದವರ ತಟ್ಟೆಗೆ.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಸಂಸ್ಕರಣೆಗೆ ಹೋಗುವ ಶೇಂಗಾದಲ್ಲಿ ಕೆ.ಜಿ.ಗೆ 15 ಮೈಕ್ರೋಗ್ರಾಂ, ನೇರವಾಗಿ ತಿನ್ನುವ ಶೇಂಗಾದಲ್ಲಿ 10 ಮೈಕ್ರೋಗ್ರಾಂ ಮೀರಿ ಈ ವಿಷ ಇರಬಾರದು. 15 ಮೈಕ್ರೋಗ್ರಾಂ ಎಂದರೆ ಒಂದು ಟನ್ ಶೇಂಗಾದಲ್ಲಿ ಕೇವಲ 15 ಮಿಲಿಗ್ರಾಂ. ಐರೋಪ್ಯ ಒಕ್ಕೂಟವು ನೇರವಾಗಿ ತಿನ್ನುವ ಶೇಂಗಾಕ್ಕೆ ವಿಧಿಸಿರುವ ಮಿತಿ 4 ಮೈಕ್ರೋಗ್ರಾಂ. ರಫ್ತಿಗೆ ಹೋದ ಸರಕು ಈ ಮಿತಿಯನ್ನು ಮೀರಿದರೆ ಬಂದರಿನಿಂದಲೇ ಹಿಂದಿರುಗುತ್ತದೆ. ಅದರ ನಷ್ಟ ಅಂತಿಮವಾಗಿ ಬೆಳೆದವನಿಗೆ ಸಿಗುವ ದರದ ಮೇಲೆಯೇ ಬೀಳುತ್ತದೆ.

ಬೂಷ್ಟಿಗೆ ಬೂಷ್ಟೇ ಎದುರಾಳಿ

ಉಪಕಾರಿ ಶಿಲೀಂಧ್ರವೊಂದನ್ನು ನಮ್ಮ ರೈತರು ಈಗಾಗಲೇ ಬಲ್ಲರು. ಅದು ಟ್ರೈಕೊಡರ್ಮಾ. ಬುಡ ಕೊಳೆ ರೋಗ ತಡೆಯಲು ಪ್ರತಿ ಕೆ.ಜಿ. ಶೇಂಗಾ ಬೀಜಕ್ಕೆ 4 ಗ್ರಾಂನಂತೆ ಇದನ್ನು ಲೇಪಿಸಿ ಬಿತ್ತುವುದು ರೂಢಿಯಲ್ಲಿದೆ. ಟ್ರೈಕೊಡರ್ಮಾ ರೋಗಕಾರಕ ಶಿಲೀಂಧ್ರದ ಮೇಲೆ ಬೆಳೆದು ಅದನ್ನು ತಿಂದುಹಾಕುತ್ತದೆ. ನಾನು ಇಂದು ವಿವರಿಸುವ ಕ್ರಮ ಇದಕ್ಕಿಂತ ಭಿನ್ನವಾದದ್ದು.

ಆಸ್ಪರ್ಜಿಲ್ಲಸ್ ಫ್ಲೇವಸ್ ಬೂಷ್ಟಿನಲ್ಲಿಯೇ ಅನೇಕ ತಳಿಗಳಿವೆ. ಎಲ್ಲವೂ ವಿಷವನ್ನು ಉತ್ಪಾದಿಸುವುದಿಲ್ಲ. ವಿಷ ತಯಾರಿಸುವ ಗುಣವಾಹಕಗಳು, ಅಂದರೆ ಜೀನುಗಳು, ಕೆಲವು ತಳಿಗಳಲ್ಲಿ ಸ್ವಾಭಾವಿಕವಾಗಿಯೇ ಕೆಟ್ಟಿರುತ್ತವೆ; ಕೆಲವು ತಳಿಗಳಲ್ಲಿ ಪೂರ್ತಿಯಾಗಿ ಇಲ್ಲವೇ ಇಲ್ಲ. ಇಂತಹ ನಿರ್ವಿಷ ತಳಿಯನ್ನು ಹೊಲದಲ್ಲಿ ಮುಂಚಿತವಾಗಿ ಹೆಚ್ಚಿಸಿದರೆ, ಕಾಯಿಯ ಮೇಲೂ ತೆನೆಯ ಮೇಲೂ ಅದೇ ಮೊದಲು ನೆಲೆಯೂರುತ್ತದೆ. ವಿಷದ ತಳಿ ಬರುವ ಹೊತ್ತಿಗೆ ಅದಕ್ಕೆ ಸ್ಥಳವೂ ಇಲ್ಲ, ಆಹಾರವೂ ಇಲ್ಲ. ಮುಂಜಾನೆ ಸಂತೆಗೆ ಬಂದು ಕಟ್ಟೆ ಹಿಡಿದವನು ಅಂಗಡಿ ಹೂಡುತ್ತಾನೆ, ತಡವಾಗಿ ಬಂದವನು ಬುಟ್ಟಿ ಹೊತ್ತು ತಿರುಗುತ್ತಾನೆ. ಈ ಉಪಾಯದ ಸಾರವೂ ಅಷ್ಟೇ. ಇಲ್ಲಿ ಬೂಷ್ಟನ್ನು ಕೊಲ್ಲುವ ಪ್ರಯತ್ನವಿಲ್ಲ. ವಿಷದ ಬೂಷ್ಟಿನ ಜಾಗವನ್ನು ನಿರ್ವಿಷ ಬೂಷ್ಟಿಗೆ ಕೊಡಿಸುವ ಪ್ರಯತ್ನವಿದೆ.

ಇದನ್ನು ಹೊಲಕ್ಕೆ ಹಾಕುವ ವಿಧಾನವೂ ಸರಳ. ಮೊಳಕೆಯೊಡೆಯದಂತೆ ಹುರಿದ ಬಿಳಿಜೋಳ, ಗೋಧಿ ಅಥವಾ ಬಾರ್ಲಿ ಕಾಳಿನ ಮೇಲೆ ನಿರ್ವಿಷ ಬೂಷ್ಟಿನ ಬೀಜಕಣಗಳನ್ನು ಲೇಪಿಸುತ್ತಾರೆ. ಹೂ ಬಿಡುವುದಕ್ಕೆ ಎರಡು ಮೂರು ವಾರ ಮುಂಚೆ, ನೆಲದಲ್ಲಿ ತೇವವಿರುವಾಗ, ಕಳೆ ತೆಗೆದ ಬಳಿಕ ಕೈಯಿಂದ ಎರಚುತ್ತಾರೆ. ಆಫ್ರಿಕಾದಲ್ಲಿ ಬಳಕೆಯಲ್ಲಿರುವ ಪ್ರಮಾಣ ಹೆಕ್ಟೇರಿಗೆ 10 ಕೆ.ಜಿ., ಅಂದರೆ ಎಕರೆಗೆ ಸುಮಾರು 4 ಕೆ.ಜಿ. ತೇವ ಹೀರಿದ ಕಾಳೇ ಬೂಷ್ಟಿಗೆ ಮೊದಲ ಆಹಾರ. ಅಲ್ಲಿ ಬೆಳೆದು ಲಕ್ಷಾಂತರ ಕಣಗಳಾಗಿ ಗಾಳಿ, ಕೀಟಗಳ ಮೂಲಕ ಅದು ಹರಡುತ್ತದೆ. ಇದಕ್ಕೆ ಸಿಂಪಡಣೆ ಯಂತ್ರವೂ ಬೇಡ, ನೀರಿನ ಡ್ರಮ್ಮೂ ಬೇಡ.

ಇತರ ದೇಶಗಳ ಅನುಭವ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಹತ್ತಿಬೀಜವನ್ನು ಹಾಲು ಕರೆಯುವ ಹಸುಗಳಿಗೆ ಮೇವಾಗಿ ಮಾರುತ್ತಾರೆ. ಬೀಜದಲ್ಲಿ ಅಫ್ಲಾಟಾಕ್ಸಿನ್ ಅಧಿಕವಾದಾಗ ಹೈನುಗಾರರು ಕೊಳ್ಳುವುದನ್ನು ನಿಲ್ಲಿಸಿದರು. ಆ ದೇಶದ ಕೃಷಿ ಇಲಾಖೆಯ ವಿಜ್ಞಾನಿ ಪೀಟರ್ ಕಾಟಿ ಅವರು ಅಲ್ಲಿನ ಮಣ್ಣಿನಲ್ಲಿಯೇ ವಾಸವಾಗಿದ್ದ ನಿರ್ವಿಷ ತಳಿಯೊಂದನ್ನು ಗುರುತಿಸಿದರು. ಎ.ಎಫ್. 36 ಎಂಬುದು ಅದರ ಹೆಸರು. 1996ರಿಂದ ರೈತರ ಹೊಲಗಳಲ್ಲಿ ಪರೀಕ್ಷಿಸಿ, 2003ರಲ್ಲಿ ಹತ್ತಿಗೆ ಅದನ್ನು ನೋಂದಾಯಿಸಲಾಯಿತು. ಗಮನಿಸಬೇಕಾದ ಅಂಶವೊಂದಿದೆ. ಇದನ್ನು ತಯಾರಿಸುವ ಕಾರ್ಖಾನೆಯನ್ನು ನಡೆಸಿದ್ದು ಲಾಭದ ಕಂಪನಿಯಲ್ಲ. ಹತ್ತಿ ಬೆಳೆಗಾರರೇ ವಂತಿಗೆ ಹಾಕಿ ಕಟ್ಟಿಕೊಂಡ ಅರಿಜೋನಾ ಹತ್ತಿ ಸಂಶೋಧನೆ ಮತ್ತು ಸಂರಕ್ಷಣಾ ಮಂಡಳಿ. 2004ರಲ್ಲಿ ಶೇಂಗಾ ಬೆಳೆಗಾಗಿ ಅಫ್ಲಾ-ಗಾರ್ಡ್ ಎಂಬ ಇನ್ನೊಂದು ಉತ್ಪನ್ನ ಅದೇ ದೇಶದಲ್ಲಿ ನೋಂದಣಿ ಪಡೆಯಿತು.

ಅಮೆರಿಕದ ವಿಶಾಲ ಹೊಲಗಳ ಕ್ರಮ ಸಣ್ಣ ಹಿಡುವಳಿಗಳಿಗೆ ಹೊಂದುವುದೇ ಎಂಬ ಸಂದೇಹ ಸಹಜ. ಇದಕ್ಕೆ ಆಫ್ರಿಕಾದಲ್ಲಿ ಉತ್ತರ ದೊರೆತಿದೆ. ನೈಜೀರಿಯಾದ ಇಬಾದಾನಿನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯು ಅಫ್ಲಾಸೇಫ್ ಎಂಬ ಉತ್ಪನ್ನವನ್ನು ಸಿದ್ಧಪಡಿಸಿತು. ಅದರ ನೇತೃತ್ವ ವಹಿಸಿದ ರಣಜಿತ್ ಬಂದ್ಯೋಪಾಧ್ಯಾಯ ಅವರು ಅದಕ್ಕೆ ಮುನ್ನ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದವರು. ನೈಜೀರಿಯಾದ ಉತ್ಪನ್ನದಲ್ಲಿ ಆ ದೇಶದ ಮಣ್ಣಿನಿಂದಲೇ ಆರಿಸಿದ ನಾಲ್ಕು ತಳಿಗಳಿವೆ. ಕೀನ್ಯಾಕ್ಕೆ ಕೀನ್ಯಾದ ತಳಿಗಳನ್ನೂ, ಶೇಂಗಾ ಪ್ರಧಾನವಾದ ಸೆನೆಗಲ್ ಮತ್ತು ಗ್ಯಾಂಬಿಯಾಗಳಿಗೆ ಅಲ್ಲಿನ ತಳಿಗಳನ್ನೂ ಪ್ರತ್ಯೇಕವಾಗಿ ಆರಿಸಲಾಗಿದೆ. ಸರಿಯಾದ ಕಾಲದಲ್ಲಿ ಹಾಕಿದ ಹೊಲಗಳಲ್ಲಿ ವಿಷದ ಪ್ರಮಾಣ ಹೆಚ್ಚಿನಂಶ ಶೇಕಡ 80ಕ್ಕೂ ಮೇಲ್ಪಟ್ಟು ಇಳಿದಿರುವುದು ಕಂಡುಬಂದಿದೆ. ಕಟಾವಿನ ಬಳಿಕ ದಾಸ್ತಾನಿನಲ್ಲಿಯೂ ಈ ರಕ್ಷಣೆಯ ಅಂಶ ಮುಂದುವರಿಯುತ್ತದೆ.

ನೈಜೀರಿಯಾದಲ್ಲಿ ಮತ್ತೊಂದು ಪಾಠವೂ ಇದೆ. ವಿಷ ಕಣ್ಣಿಗೆ ಕಾಣದಿರುವುದರಿಂದ ಶುದ್ಧವಾದ ಮೆಕ್ಕೆಜೋಳಕ್ಕೆ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆ ತಾನಾಗಿ ದೊರೆಯಲಿಲ್ಲ. ಖರ್ಚು ರೈತನದು, ಲಾಭ ತಿನ್ನುವವನದು ಎಂಬಂತಾಯಿತು. ಆಗ ಸಣ್ಣ ರೈತರನ್ನು ಗುಂಪುಗೂಡಿಸಿ, ಉಪಚರಿಸಿದ ಹೊಲದ ಧಾನ್ಯವನ್ನು ಒಟ್ಟಾಗಿ ಸಂಗ್ರಹಿಸಿದ ಸಂಸ್ಥೆಗಳಿಗೆ ಪ್ರತಿ ಟನ್ನಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ನಡೆಸಲಾಯಿತು. ಒಬ್ಬೊಬ್ಬರ ಎರಡು ಚೀಲವನ್ನು ಯಾರೂ ಪರೀಕ್ಷಿಸುವುದಿಲ್ಲ. ಒಂದು ಊರಿನ ಲಾರಿಯನ್ನು ಪರೀಕ್ಷಿಸಿ ಬೆಲೆ ಕಟ್ಟುತ್ತಾರೆ.

ಒಟ್ಟಾಗಿ ಮಾಡುವುದರ ಅಗತ್ಯ

ಎರಡು ಎಕರೆಯ ರೈತನೊಬ್ಬ ನಿರ್ವಿಷ ಬೂಷ್ಟನ್ನು ಹಾಕಿದನೆಂದು ಭಾವಿಸೋಣ. ಸುತ್ತಲಿನ ಇಪ್ಪತ್ತು ಎಕರೆಯಲ್ಲಿ ಯಾರೂ ಹಾಕಲಿಲ್ಲ. ಆ ಕಡೆಯಿಂದ ವಿಷದ ಕಣಗಳು ಬರುತ್ತಲೇ ಇರುತ್ತವೆ, ಈತ ಹಾಕಿದ ಕಣಗಳಲ್ಲಿ ಬಹುಪಾಲು ಅತ್ತ ಹಾರಿಹೋಗುತ್ತವೆ. ಈತನಿಗೆ ಪ್ರಯೋಜನವಿಲ್ಲವೆಂದಲ್ಲ, ಆದರೆ ಅದು ಕುಂದುತ್ತದೆ. ಅದೇ ಇಪ್ಪತ್ತೆರಡು ಎಕರೆಯವರು ಒಂದೇ ವಾರದಲ್ಲಿ ಹಾಕಿದರೆ, ಒಬ್ಬರ ಹೊಲದಿಂದ ಹಾರಿದ್ದು ಇನ್ನೊಬ್ಬರ ಹೊಲವನ್ನು ಕಾಯುತ್ತದೆ. ವರ್ಷದಿಂದ ವರ್ಷಕ್ಕೆ ಆ ಬಯಲಿನ ಬೂಷ್ಟಿನ ಸಮೂಹವೇ ವಿಷದಿಂದ ನಿರ್ವಿಷದ ಕಡೆಗೆ ವಾಲುತ್ತದೆ. ಕೆರೆಯ ಹೂಳನ್ನು ಒಬ್ಬನೇ ತೆಗೆಯಲಾರ ಎಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಮಣ್ಣಿನ ಈ ಕೆಲಸವೂ ಅದೇ ಜಾತಿಗೆ ಸೇರಿದ್ದು.

ಎಚ್ಚರಿಕೆಯ ಮಾತುಗಳು

ಈ ಕ್ರಮವನ್ನು ಹೊಗಳಿದಷ್ಟೇ ಸ್ಪಷ್ಟವಾಗಿ ಇದರ ಮಿತಿಗಳನ್ನೂ ಹೇಳಬೇಕು.

ಮೊದಲನೆಯದಾಗಿ, ನಿರ್ವಿಷ ಎಂದರೆ ತಿನ್ನಲು ಯೋಗ್ಯ ಎಂದರ್ಥವಲ್ಲ. ಆ ತಳಿ ಅಫ್ಲಾಟಾಕ್ಸಿನ್ ಉತ್ಪಾದಿಸದು ಎಂಬಷ್ಟೇ ಅರ್ಥ. ಬೂಷ್ಟು ಹಿಡಿದ ಕಾಯಿಯನ್ನು ಆಗಲೂ ಎಸೆಯಬೇಕು. ಬೂಷ್ಟಿನ ಧೂಳು ಶ್ವಾಸಕೋಶದ ತೊಂದರೆ ಇರುವವರಿಗೆ ಹಾನಿ ಮಾಡಬಲ್ಲದು. ಎರಚುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೆಲಸ ಮುಗಿದ ಬಳಿಕ ಕೈಕಾಲು ತೊಳೆಯಬೇಕು. ಲೇಪಿಸಿದ ಕಾಳನ್ನು ಕೋಳಿ, ದನಕರುಗಳಿಂದಲೂ ಮಕ್ಕಳಿಂದಲೂ ದೂರವಿಡಬೇಕು.

ಎರಡನೆಯದಾಗಿ, ಬೂಷ್ಟನ್ನು ಮನೆಯಲ್ಲಿ ಬೆಳೆಸಿ ಹೊಲಕ್ಕೆ ಹಾಕುವ ಸಾಹಸ ಸಲ್ಲದು. ವಿಷದ ತಳಿಯೂ ನಿರ್ವಿಷ ತಳಿಯೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಪ್ರಯೋಗಾಲಯ ಮಾತ್ರ ಇವನ್ನು ಬೇರ್ಪಡಿಸಬಲ್ಲದು. ನಮ್ಮ ದೇಶದಲ್ಲಿ ಇಂತಹ ಜೈವಿಕ ಉತ್ಪನ್ನಗಳು 1968ರ ಕೀಟನಾಶಕ ಕಾಯಿದೆಯ ಅಡಿಯಲ್ಲಿ ಕೇಂದ್ರ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿಯ ನೋಂದಣಿಗೆ ಒಳಪಡುತ್ತವೆ. ಚೀಲದ ಮೇಲೆ ನೋಂದಣಿ ಸಂಖ್ಯೆಯೂ, ಯಾವ ಬೆಳೆಗೆಂಬ ವಿವರವೂ ಇಲ್ಲದ ವಸ್ತುವನ್ನು ಯಾರೇ ತಂದು ಮಾರಿದರೂ ಕೊಳ್ಳಬಾರದೆಂದು ಗ್ರಾಮಸಭೆಯಲ್ಲಿ ತಿಳಿಸಬೇಕು. ಬೇರೆ ದೇಶದ ತಳಿ ನಮ್ಮ ಮಣ್ಣಿಗೆ ತಕ್ಕದ್ದೆಂದು ಹೇಳಲಾಗದು. ಇಲ್ಲಿಯ ತಳಿಯನ್ನು ಇಲ್ಲಿಯೇ ಆರಿಸಬೇಕು.

ಮೂರನೆಯದಾಗಿ, ನೆಲ ಒಣಗಿದ್ದಾಗ ಎರಚಿದ ಕಾಳು ಇರುವೆ, ಹಕ್ಕಿಗಳ ಪಾಲಾಗುತ್ತದೆ. ಕಾಲ ತಪ್ಪಿದರೆ ಖರ್ಚು ವ್ಯರ್ಥ.

ನಾಲ್ಕನೆಯದಾಗಿ, ಯಾವ ಉಪಕಾರಿ ಬೂಷ್ಟೂ ಒಣಗಿಸುವ ಕೆಲಸಕ್ಕೆ ಬದಲಿಯಲ್ಲ. ಹಸಿ ಕಾಯಿಯನ್ನು ಚೀಲಕ್ಕೆ ತುಂಬಿದ ರೈತನನ್ನು ಯಾವ ವಿಜ್ಞಾನವೂ ಕಾಪಾಡದು.

ಪಂಚಾಯಿತಿ ಇಂದಿನಿಂದಲೇ ಮಾಡಬಹುದಾದ ಕೆಲಸ

ನಿರ್ವಿಷ ಬೂಷ್ಟಿನ ಚೀಲ ನಮ್ಮ ಊರಿನ ಅಂಗಡಿಗೆ ಬರಲೆಂದು ಕಾಯುತ್ತ ಕೂರುವುದು ಬೇಡ. ಅದು ಬಂದ ದಿನ ಫಲ ಕೊಡಬೇಕಾದರೆ ಈಗಲೇ ಆಗಬೇಕಾದ ಸಿದ್ಧತೆಗಳಿವೆ. ಆ ಸಿದ್ಧತೆಗಳು ಸ್ವತಂತ್ರವಾಗಿಯೂ ವಿಷವನ್ನು ತಗ್ಗಿಸುತ್ತವೆ.

1. ಒಕ್ಕಣೆ ಕಣ: ನೆಲ ಮುಟ್ಟದಂತೆ ಒಣಗಿಸಲು ಸಿಮೆಂಟಿನ ಕಣಗಳು ಬೇಕು. ಉದ್ಯೋಗ ಖಾತರಿ ಹಾಗೂ ಇತರ ಯೋಜನೆಗಳಲ್ಲಿ ಅವಕಾಶವಿರುವೆಡೆ ಇವನ್ನು ಕ್ರಿಯಾ ಯೋಜನೆಗೆ ಸೇರಿಸಿರಿ. ರಸ್ತೆಯ ಮೇಲೆ ಮೆಕ್ಕೆಜೋಳ ಹರಡುವುದರಿಂದ ಧಾನ್ಯಕ್ಕೂ ಕೇಡು, ವಾಹನ ಸವಾರರಿಗೂ ಅಪಾಯ. ದಿಢೀರ್ ಮಳೆಗೆ ಹೊದಿಸಲು ತಾಡಪಾಲುಗಳನ್ನು ಸ್ವಸಹಾಯ ಸಂಘಗಳ ಮೂಲಕ ಬಾಡಿಗೆಗೆ ಇಡಬಹುದು.

2. ಬೇಸಾಯದ ತಿಳಿವಳಿಕೆ: ಕೊಟ್ಟಿಗೆ ಗೊಬ್ಬರ ಹಾಗೂ ಎಕರೆಗೆ 200 ಕೆ.ಜಿ. ಜಿಪ್ಸಂ ಒದಗಿಸಿದ ಶೇಂಗಾದಲ್ಲಿ ಕಾಯಿಯ ಸಿಪ್ಪೆ ಗಟ್ಟಿಯಾಗಿ ಬೂಷ್ಟಿನ ಪ್ರವೇಶ ತಗ್ಗುತ್ತದೆ. ಕಾಯಿ ಬಲಿತ ಕೂಡಲೇ ಕೀಳಬೇಕು. ಕಿತ್ತ ಗಿಡಗಳನ್ನು ಕಾಯಿ ಮೇಲಾಗುವಂತೆ ತಿರುಗಿಸಿ ಸಾಲಾಗಿ ಒಣಗಿಸಬೇಕು. ಒಡೆದ, ಹುಳು ತಿಂದ, ಚಿಕ್ಕದಾದ ಕಾಯಿಗಳನ್ನು ಬೇರ್ಪಡಿಸಬೇಕು. ತೇವಾಂಶ ಶೇಕಡ 8ಕ್ಕೆ ಇಳಿದ ಮೇಲೆಯೇ ಚೀಲಕ್ಕೆ ತುಂಬಬೇಕು. ಒಣಗಿದ ಕಾಯಿಯನ್ನು ಅಲುಗಿಸಿದರೆ ಒಳಗಿನ ಬೀಜ ಗಲಗಲ ಸದ್ದು ಮಾಡುತ್ತದೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರವಿರಿಸಬೇಕು.

3. ಬೇರ್ಪಡಿಸಿದ ಕಾಳಿನ ವಿಲೇವಾರಿ: ಆರಿಸಿ ತೆಗೆದ ಕೆಟ್ಟ ಕಾಳು ಅಗ್ಗದ ದರಕ್ಕೆ ಬಡವರ ಮನೆಗೂ, ಗಾಣಕ್ಕೂ, ಹಿಂಡಿಯಾಗಿ ಹಸುವಿಗೂ ಹೋಗುವುದನ್ನು ತಡೆಯಬೇಕು. ಕೂಲಿಗೆ ಬದಲಾಗಿ ಅಂತಹ ಕಾಳನ್ನು ಕೊಡುವ ಪದ್ಧತಿ ಎಲ್ಲಿಯಾದರೂ ಇದ್ದರೆ ಅದನ್ನು ನಿಲ್ಲಿಸುವುದು ಸದಸ್ಯರ ಕರ್ತವ್ಯ. ಅಂಗನವಾಡಿ ಹಾಗೂ ಶಾಲೆಯ ಬಿಸಿಯೂಟದ ದಾಸ್ತಾನಿನಲ್ಲಿರುವ ಶೇಂಗಾ ಬೀಜವನ್ನು ತಿಂಗಳಿಗೊಮ್ಮೆ ಪರಿಶೀಲಿಸಿರಿ.

4. ಮಾದರಿ ಸಂಗ್ರಹ: ಈ ವಿಷ ಚೀಲದಲ್ಲಿ ಸಮನಾಗಿ ಹರಡಿರುವುದಿಲ್ಲ. ಸಾವಿರ ಬೀಜ ಶುದ್ಧವಿದ್ದು ಒಂದೆರಡು ಬೀಜಗಳಲ್ಲಿ ಅತಿ ಹೆಚ್ಚು ಇರಬಹುದು. ಮೇಲಿನ ಒಂದು ಹಿಡಿಯನ್ನು ಪರೀಕ್ಷೆಗೆ ಕಳುಹಿಸಿದರೆ ಸತ್ಯ ತಿಳಿಯದು. ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ ಕಳುಹಿಸಬೇಕು. ರೈತ ಉತ್ಪಾದಕ ಸಂಸ್ಥೆಗಳಿರುವಲ್ಲಿ ಈ ಹೊಣೆಯನ್ನು ಅವುಗಳಿಗೆ ವಹಿಸಬಹುದು.

5. ಜೀವವೈವಿಧ್ಯ ನಿರ್ವಹಣಾ ಸಮಿತಿ: 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಈ ಸಮಿತಿ ಇರಬೇಕು. ನಮ್ಮ ಮಣ್ಣಿನ ಸೂಕ್ಷ್ಮಜೀವಿಗಳೂ ಜೈವಿಕ ಸಂಪತ್ತೇ. ಕೃಷಿ ವಿಶ್ವವಿದ್ಯಾಲಯವಾಗಲಿ, ಸಂಶೋಧನಾ ಸಂಸ್ಥೆಯಾಗಲಿ, ಕಂಪನಿಯಾಗಲಿ ನಿರ್ವಿಷ ತಳಿಯನ್ನು ಹುಡುಕಲು ಮಣ್ಣಿನ ಮಾದರಿ ಕೇಳಿದರೆ ಸ್ವಾಗತಿಸಿರಿ. ಜೊತೆಗೆ ಅದನ್ನು ಸಮಿತಿಯ ದಾಖಲೆಗೆ ಸೇರಿಸಿರಿ. ಪ್ರಯೋಗದ ಹೊಲ ಯಾರದು, ಬೆಳೆ ನಷ್ಟವಾದರೆ ಹೊಣೆ ಯಾರದು, ಪರೀಕ್ಷೆಯ ಫಲಿತಾಂಶ ರೈತನಿಗೆ ಯಾವಾಗ ತಲುಪುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

6. ಒಂದು ಬಯಲು, ಒಂದು ವಾರ: ಪಕ್ಕಪಕ್ಕದ ಹೊಲಗಳವರನ್ನು ಈಗಿನಿಂದಲೇ ಗುಂಪುಗಳನ್ನಾಗಿ ಮಾಡಿರಿ. ಟ್ರೈಕೊಡರ್ಮಾ ಬೀಜೋಪಚಾರ, ಜಿಪ್ಸಂ ಹಾಕುವುದು, ಕಣದ ಸರದಿ ಇವುಗಳನ್ನು ಗುಂಪಿನಲ್ಲಿ ನಡೆಸಿ ರೂಢಿ ಮಾಡಿಸಿರಿ. ಇಂತಹ ರೂಢಿ ಇರುವ ಊರಿಗೆ ಮುಂದೆ ನಿರ್ವಿಷ ಬೂಷ್ಟು ಬಂದರೆ ಅದೇ ಗುಂಪು ಅದೇ ಕ್ರಮದಲ್ಲಿ ಅದನ್ನು ಬಳಸಬಲ್ಲದು.

ಮಾನ್ಯರೇ, ಬಾನ್ಸವಾಡಾದ ಕುಟುಂಬಗಳಿಗೆ ತಮ್ಮ ಮೆಕ್ಕೆಜೋಳದಲ್ಲಿ ವಿಷವಿದೆಯೆಂದು ಹೇಳುವವರು ಇರಲಿಲ್ಲ; ಹೇಳಿದ್ದರೂ ಬದಲಿಗೆ ಉಣ್ಣಲು ಬೇರೆ ಇರಲಿಲ್ಲ. ಇಂದು ನಮಗೆ ತಿಳಿವಳಿಕೆ ಇದೆ, ಪಂಚಾಯಿತಿಯ ಅಧಿಕಾರವಿದೆ, ಪಡಿತರ ವ್ಯವಸ್ಥೆ ಇದೆ. ಆದ್ದರಿಂದ ನಮ್ಮ ಹೊಣೆ ಅಂದಿನವರಿಗಿಂತ ಹೆಚ್ಚಿನದು. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಒಕ್ಕಣೆ ಕಣ ಮತ್ತು ಧಾನ್ಯ ಒಣಗಿಸುವ ವ್ಯವಸ್ಥೆಯನ್ನು ಒಂದು ವಿಷಯವಾಗಿ ಸೇರಿಸಬೇಕೆಂದು ತಮ್ಮೆಲ್ಲರಲ್ಲಿ ಕೋರುತ್ತೇನೆ. ಶೇಂಗಾ ಕೀಳುವ ಕಾಲಕ್ಕೆ ಮುಂಚೆ ಆ ನಿರ್ಣಯವಾದರೆ ಈ ವರ್ಷದ ಬೆಳೆಗೇ ಅದರ ಪ್ರಯೋಜನ ದೊರೆಯುತ್ತದೆ.